ಹನುಮ, ಹಂಸ, ಹೆಸರುಕಾಳು: ಎಳೆಯ ಮಕ್ಕಳಿಗೆ ಬಾಹ್ಯಾಕಾಶದ ಕಥೆ ಹೇಳುವುದು ಹೇಗೆ?

2025ರ ಆಗಸ್ಟ್ 23ರಂದು, ರಾಷ್ಟ್ರೀಯ ಬಾಹ್ಯಾಕಾಶ ದಿನದ ಸಂದರ್ಭದಲ್ಲಿ, ಹಿಮಾಚಲ ಪ್ರದೇಶದ ಊನಾ ಜಿಲ್ಲೆಯ ಶಾಲೆಯೊಂದರಲ್ಲಿ ಸಂಸದ ಅನುರಾಗ್ ಠಾಕೂರ್ ಮಕ್ಕಳಿಗೊಂದು ಪ್ರಶ್ನೆ ಹಾಕಿದರು: ಬಾಹ್ಯಾಕಾಶಕ್ಕೆ ಮೊದಲು ಹೋದವರು ಯಾರು? ಮಕ್ಕಳು ಒಟ್ಟಾಗಿ ನೀಲ್ ಆರ್ಮ್‌ಸ್ಟ್ರಾಂಗ್ ಎಂದರು. ತಮಗೇನೋ ಹನುಮಂತ ಅನ್ನಿಸುತ್ತದೆ ಎಂದರು ಸಂಸದರು. ವಿಡಿಯೊ ದೇಶದ ತುಂಬ ಓಡಾಡಿತು. ಡಿಎಂಕೆ ಸಂಸದೆ ಕನಿಮೋಳಿ ಸೇರಿದಂತೆ ಹಲವರು ಇದು ಮಕ್ಕಳನ್ನು ದಾರಿ ತಪ್ಪಿಸುವ ಮಾತು ಎಂದು ಟೀಕಿಸಿದರು. ಪರಂಪರೆಯನ್ನು ನೆನಪಿಸಿದರೆ ತಪ್ಪೇನು ಎಂದು ಇನ್ನೊಂದು ಕಡೆಯವರು ಕೇಳಿದರು.

ಈ ಜಗ್ಗಾಟದಲ್ಲಿ ಒಂದು ಸಂಗತಿ ಬಹುಮಟ್ಟಿಗೆ ಹಿಂದೆ ಸರಿಯಿತು. ಮಕ್ಕಳು ಹೇಳಿದ ಉತ್ತರವೂ ತಪ್ಪೇ. ಬಾಹ್ಯಾಕಾಶಕ್ಕೆ ಮೊದಲು ಹೋದ ಮನುಷ್ಯ ಯೂರಿ ಗಗಾರಿನ್, 1961ರ ಏಪ್ರಿಲ್ 12ರಂದು. ಆರ್ಮ್‌ಸ್ಟ್ರಾಂಗ್ 1969ರಲ್ಲಿ ಚಂದ್ರನ ಮೇಲೆ ಮೊದಲ ಹೆಜ್ಜೆ ಇಟ್ಟವರು. ದೊಡ್ಡವರು ಪುರಾಣದಿಂದ ಉತ್ತರ ಕೊಟ್ಟರು, ಮಕ್ಕಳು ಬಾಯಿಪಾಠದಿಂದ ಕೊಟ್ಟರು. ಎರಡೂ ಕಡೆ ಯಾರೂ ಯಾವುದನ್ನೂ ಪರೀಕ್ಷಿಸಿ ನೋಡಲಿಲ್ಲ.

ಅನೇಕ ಪೋಷಕರಿಗೆ, ಶಿಕ್ಷಕರಿಗೆ ಇಲ್ಲಿ ನಿಜಕ್ಕೂ ಗೊಂದಲವಿದೆ. ಪುಟ್ಟ ಮಕ್ಕಳಿಗೆ ಕಥೆ ಮತ್ತು ಆಟದ ಮೂಲಕವೇ ಕಲಿಸಿ ಎಂದು ಸರ್ಕಾರಿ ನೀತಿಗಳೇ ಹೇಳುತ್ತವೆ. ಹಾಗಿದ್ದ ಮೇಲೆ ಯಾರೋ ಕಥೆ ಹೇಳಿದರೆ ಇಷ್ಟು ಸಿಟ್ಟೇಕೆ? ಯಾವ ಕಥೆ ಸರಿ, ಯಾವುದು ತಪ್ಪು? ಇದಕ್ಕೆ ಉತ್ತರ ಹುಡುಕಲು ರಾಜಕೀಯದ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟು, ನಾಲ್ಕೈದು ವರ್ಷದ ಮಗುವಿನ ತಲೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಕಥೆ, ಆಟಕ್ಕೆ ಇಷ್ಟು ಮಹತ್ವ ಬಂದದ್ದು ಹೇಗೆ

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತ ಎಂದು ಕರೆಯಿತು. 2022ರ ಅಕ್ಟೋಬರ್‌ನಲ್ಲಿ ಆ ಹಂತಕ್ಕೆಂದೇ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. ಆಟ, ಕಥೆ, ಹಾಡು, ಗೊಂಬೆ, ಮನೆಮಾತು ಇವೇ ಕಲಿಕೆಯ ಸಾಧನಗಳು ಎಂದು ಅದು ಹೇಳಿತು. 2023ರ ಫೆಬ್ರುವರಿಯಲ್ಲಿ ಕೇಂದ್ರವು ಗೊಂಬೆ, ಒಗಟು, ಕಥೆ ಕಾರ್ಡುಗಳನ್ನು ತುಂಬಿದ ‘ಜಾದುಯಿ ಪಿಟಾರಾ’ ಎಂಬ ಪೆಟ್ಟಿಗೆಯನ್ನೂ ಬಿಡುಗಡೆ ಮಾಡಿತು.

ಈ ಚೌಕಟ್ಟಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಶಾಲಾ ಪಠ್ಯಗಳನ್ನು ರೂಪಿಸುವ ಕೇಂದ್ರ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಹೊಸ ವ್ಯವಸ್ಥೆಯಲ್ಲಿ ಸುತ್ತಲಿನ ಪ್ರಪಂಚದ ಬಗೆಗಿನ ಪ್ರತ್ಯೇಕ ಪುಸ್ತಕ ಮೂರನೇ ತರಗತಿಗೆ ಬರುತ್ತದೆ. ಅದಕ್ಕೂ ಮೊದಲು ಇರುವುದು ಭಾಷೆ ಮತ್ತು ಗಣಿತ. ಅಂದರೆ ಎಂಟು ವರ್ಷದವರೆಗೆ ವಿಜ್ಞಾನಕ್ಕೆ ಬೇರೆ ಬಾಗಿಲೇ ಇಲ್ಲ. ಸೂರ್ಯ, ಚಂದ್ರ, ಮಳೆ, ಬೀಜ, ನೆರಳು ಎಲ್ಲವೂ ಭಾಷೆಯ ಪಾಠದ ಕಥೆಯೊಳಗೆ ಅಥವಾ ಅಂಗಳದ ಆಟದೊಳಗೆ ಬರಬೇಕು. ಹಾಗಾಗಿ ಕಥೆ ಕೆಟ್ಟರೆ ವಿಜ್ಞಾನವೂ ಕೆಡುತ್ತದೆ, ತಿದ್ದಲು ಆ ವಯಸ್ಸಿನಲ್ಲಿ ಇನ್ನೊಂದು ಪುಸ್ತಕವಿರುವುದಿಲ್ಲ.

ಕರ್ನಾಟಕಕ್ಕೆ ಈ ದಾರಿ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಶಿಕ್ಷಕರೇ ಸೇರಿ ಕಟ್ಟಿದ ನಲಿ-ಕಲಿ ಪದ್ಧತಿಯಲ್ಲಿ ಹಾಡು, ಕಥೆ, ಕಾರ್ಡು, ಗುಂಪು ಚಟುವಟಿಕೆಗಳೇ ಜೀವಾಳ. 2009-10ರ ವೇಳೆಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ನಲಿ-ಕಲಿಯಲ್ಲಿ ಪರಿಸರ ಅಧ್ಯಯನಕ್ಕೂ ಮೊದಲಿಂದಲೇ ಜಾಗವಿದೆ. ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆಯ ಪಠ್ಯಕ್ರಮವಿದೆ. ಕಥೆ-ಆಟದ ಕಲಿಕೆ ದೆಹಲಿಯ ನೀತಿಯಿಂದ ನಮಗೆ ಬಂದ ಉಡುಗೊರೆ ಎಂದು ಭಾವಿಸುವವರು ಈ ಮೂವತ್ತು ವರ್ಷಗಳ ಕೆಲಸವನ್ನು ಮರೆಯುತ್ತಾರೆ.

ಚಂದ್ರಯಾನದ ಪಠ್ಯ ಎಬ್ಬಿಸಿದ ವಿವಾದ

ಹನುಮಂತನ ಮಾತಿಗೆ ಎರಡು ವರ್ಷ ಮೊದಲೇ ಇದೇ ಪ್ರಶ್ನೆ ಎದ್ದಿತ್ತು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ 2023ರ ಆಗಸ್ಟ್ 23ರ ಸಂಜೆ ಚಂದ್ರನ ಮೇಲಿಳಿಯಿತು. ಅಕ್ಟೋಬರ್‌ನಲ್ಲಿ ಎನ್‌ಸಿಇಆರ್‌ಟಿ, ಬುನಾದಿ ಹಂತದಿಂದ ಹಿಡಿದು ಪ್ರೌಢಶಾಲೆಯವರೆಗಿನ ಮಕ್ಕಳಿಗೆ ಚಂದ್ರಯಾನದ ಬಗ್ಗೆ ಹತ್ತು ವಿಶೇಷ ಕಿರುಪಠ್ಯಗಳನ್ನು ಹೊರತಂದಿತು. ಅವುಗಳಲ್ಲಿ ವೇದಕಾಲದ ಹಾರುವ ರಥಗಳ ಉಲ್ಲೇಖವಿತ್ತು. ‘ವೈಮಾನಿಕ ಶಾಸ್ತ್ರ’ವನ್ನು ಮುಂದಿಟ್ಟು, ನಮ್ಮಲ್ಲಿ ಹಿಂದೆಯೇ ವಿಮಾನವಿದ್ಯೆ ಇತ್ತೆಂಬ ಧಾಟಿಯ ಮಾತೂ ಇತ್ತು. ಅಖಿಲ ಭಾರತ ಜನವಿಜ್ಞಾನ ಜಾಲ ಇದನ್ನು ವಿರೋಧಿಸಿತು. ಪಠ್ಯಗಳು ಜಾಲತಾಣದಿಂದ ಮರೆಯಾಗಿ ಮತ್ತೆ ಕಾಣಿಸಿಕೊಂಡವು. ಪುರಾಣ ಮತ್ತು ತತ್ತ್ವಜ್ಞಾನ ಕಲ್ಪನೆಗಳನ್ನು ಹುಟ್ಟಿಸುತ್ತವೆ, ಕಲ್ಪನೆಗಳೇ ಸಂಶೋಧನೆಗೆ ದಾರಿ ಎಂಬ ಅರ್ಥದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಸಮರ್ಥನೆ ಕೊಟ್ಟಿತು.

ಸಚಿವಾಲಯದ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಹಾರುವ ಕನಸಿಲ್ಲದೆ ವಿಮಾನ ಹುಟ್ಟಲಿಲ್ಲ. ಆದರೆ ‘ಮನುಷ್ಯರು ಹಾರುವ ಕನಸು ಕಂಡಿದ್ದರು’ ಎನ್ನುವುದು ಒಂದು ಮಾತು, ‘ನಮ್ಮ ಹಿರಿಯರು ಹಾರುತ್ತಿದ್ದರು’ ಎನ್ನುವುದು ಇನ್ನೊಂದು. ಮೊದಲನೆಯದು ಸಾಹಿತ್ಯದ ಬಗೆಗಿನ ಸತ್ಯ. ಎರಡನೆಯದು ಇತಿಹಾಸದ ಬಗೆಗಿನ ಹೇಳಿಕೆ, ಅದಕ್ಕೆ ಪುರಾವೆ ಬೇಕು.

ಆ ಪುರಾವೆಯನ್ನು ಹುಡುಕಿದವರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು 1974ರಲ್ಲಿ ‘ವೈಮಾನಿಕ ಶಾಸ್ತ್ರ’ವನ್ನು ಓದಿ, ಅದರ ನಕ್ಷೆಗಳನ್ನು ವಾಯುಚಲನಶಾಸ್ತ್ರದ ಲೆಕ್ಕಕ್ಕೆ ಹಚ್ಚಿ ನೋಡಿದರು. ಗ್ರಂಥ ಪ್ರಾಚೀನವಲ್ಲ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು, ಅದರಲ್ಲಿ ವರ್ಣಿಸಿದ ಯಾನಗಳು ಹಾರಲಾರವು ಎಂಬ ತೀರ್ಮಾನಕ್ಕೆ ಬಂದರು. ತಮಾಷೆ ಮಾಡದೆ, ಗೌರವದಿಂದಲೇ ಓದಿ, ಪರೀಕ್ಷಿಸಿ ಕೊಟ್ಟ ಉತ್ತರವದು. ಅರ್ಧ ಶತಮಾನದ ಬಳಿಕ ಅದೇ ಗ್ರಂಥ ಶಾಲಾಮಕ್ಕಳ ಓದಿಗೆ ಬಂದದ್ದು ಬೇಸರದ ಸಂಗತಿ.

ಚೆಂಡಿನೊಳಗಿನ ಭೂಮಿ

ಎಳೆಯ ಮಕ್ಕಳಿಗೆ ಬಾಹ್ಯಾಕಾಶದ ಬಗ್ಗೆ ಏನಾದರೂ ಹೇಳಿದರೆ ಅದು ಅವರಿಗೆ ಹಾಗೇ ತಲುಪುವುದಿಲ್ಲ. ಸ್ಟೆಲ್ಲಾ ವೊಸ್ನಿಯಾಡೊ ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಅಮೆರಿಕದ ಅರುವತ್ತು ಶಾಲಾಮಕ್ಕಳೊಂದಿಗೆ ನಡೆಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಭೂಮಿ ಗುಂಡಗಿದೆ ಎಂದು ಮಕ್ಕಳು ಸರಾಗವಾಗಿ ಹೇಳುತ್ತಿದ್ದರು. ಮನುಷ್ಯರು ಎಲ್ಲಿದ್ದಾರೆ, ಒಂದೇ ಕಡೆ ನಡೆಯುತ್ತಾ ಹೋದರೆ ಏನಾಗುತ್ತದೆ ಎಂದು ಕೆದಕಿದಾಗ ಬೇರೆಯೇ ಚಿತ್ರ ಹೊರಬಂತು. ಕೆಲವರ ಭೂಮಿ ಒಳಗೆ ಟೊಳ್ಳಾದ ಚೆಂಡು, ಅದರೊಳಗಿನ ಸಮತಟ್ಟು ನೆಲದ ಮೇಲೆ ಜನ ಓಡಾಡುತ್ತಾರೆ. ಕೆಲವರ ಪ್ರಕಾರ ಭೂಮಿಗಳು ಎರಡು: ನಾವು ನಿಂತಿರುವ ಚಪ್ಪಟೆ ನೆಲ ಒಂದು, ಆಕಾಶದಲ್ಲಿರುವ ಗುಂಡನೆಯ ‘ಭೂಮಿ’ ಇನ್ನೊಂದು.

ಮಕ್ಕಳು ದಡ್ಡರಾಗಿದ್ದರಿಂದ ಹೀಗಾಗಲಿಲ್ಲ. ಕಣ್ಣು ನೆಲ ಚಪ್ಪಟೆ ಎನ್ನುತ್ತದೆ, ಟೀಚರ್ ಗುಂಡು ಎನ್ನುತ್ತಾರೆ. ಎರಡನ್ನೂ ನಂಬುವ ಮಗು ಇಬ್ಬರಿಗೂ ಹೊಂದುವ ಒಂದು ಲೋಕವನ್ನು ತಾನೇ ಕಟ್ಟಿಕೊಳ್ಳುತ್ತದೆ.

ಇದೇ ಬಳಗ ಅಲಾ ಸಮರಪುಂಗವನ್ ಅವರೊಂದಿಗೆ ಹೈದರಾಬಾದಿನ ಮಕ್ಕಳನ್ನು ಮಾತಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಭೂಮಿ ನೀರಿನ ಮೇಲೆ ತೇಲುತ್ತಿದೆ ಎಂದ ಮಕ್ಕಳು ಅಲ್ಲಿ ಸಿಕ್ಕರು. ಮನೆಯಲ್ಲಿ ಕೇಳಿದ ಕಥೆಗಳ ಲೋಕಚಿತ್ರ ಮತ್ತು ಶಾಲೆಯ ಗೋಳ ಒಂದೇ ತಲೆಯಲ್ಲಿ ಬೆರೆತುಹೋಗಿದ್ದವು.

ಈ ತೀರ್ಮಾನಕ್ಕೆ ತಕರಾರೂ ಇದೆ. ಬ್ರಿಟನ್ನಿನ ಗ್ಯಾವಿನ್ ನೋಬ್ಸ್ ಮತ್ತು ಅವರ ಜೊತೆಗಾರರು, ಚಿತ್ರ ಬರೆಯಿಸಿ ಅಡ್ಡಪ್ರಶ್ನೆ ಹಾಕುವುದರಿಂದಲೇ ಮಕ್ಕಳು ಇಂಥ ವಿಚಿತ್ರ ಉತ್ತರ ಕೊಡುತ್ತಾರೆ ಎಂದು ವಾದಿಸಿದರು. ಸಿದ್ಧ ಚಿತ್ರಗಳನ್ನೋ ಮಾದರಿಗಳನ್ನೋ ಮುಂದಿಟ್ಟು ಆರಿಸಲು ಹೇಳಿದಾಗ ಟೊಳ್ಳು ಭೂಮಿ ಅಷ್ಟಾಗಿ ಕಾಣಲಿಲ್ಲ. ಮಕ್ಕಳ ತಲೆಯಲ್ಲಿರುವುದು ಇಡಿಯ ಲೋಕಚಿತ್ರವಲ್ಲ, ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿಕೊಂಡ ಚೂರುಗಳು ಎಂಬುದು ಅವರ ನಿಲುವು. ಸಂಶೋಧಕರ ನಡುವೆ ಈ ಭಿನ್ನಾಭಿಪ್ರಾಯ ಇದ್ದೇ ಇದೆ. ತರಗತಿಯ ಮಟ್ಟಿಗೆ ಎರಡೂ ವಾದಗಳಿಂದ ಸಿಗುವ ಪಾಠ ಒಂದೇ: ‘ಭೂಮಿ ಗುಂಡಗಿದೆ’ ಎಂಬ ವಾಕ್ಯವನ್ನು ಹೇಳಿಸಿದರೆ ಕೆಲಸ ಮುಗಿಯುವುದಿಲ್ಲ. ಕೈಗೆ ಗೋಳ ಕೊಟ್ಟರೆ ಮಗುವಿನ ಯೋಚನೆ ಬೇರೆಯಾಗುತ್ತದೆ.

ಒಳ್ಳೆಯ ಕಥೆ, ಎಡವಿಸುವ ಕಥೆ

ಕಥೆ ಹೇಳಿದರೆ ಮಕ್ಕಳು ಗಟ್ಟಿ ವಿಜ್ಞಾನವನ್ನೂ ಕಲಿಯಬಲ್ಲರು. ಡೆಬೊರಾ ಕೆಲೆಮನ್ ಮತ್ತು ತಂಡ 2014ರಲ್ಲಿ ಐದರಿಂದ ಎಂಟು ವರ್ಷದ ಮಕ್ಕಳಿಗೆ ಒಂದು ಚಿತ್ರಕಥೆ ಓದಿಹೇಳಿತು. ಕಥೆಯ ಪ್ರಾಣಿ ಕಾಲ್ಪನಿಕ. ಕೆಲವಕ್ಕೆ ದಪ್ಪ ಸೊಂಡಿಲು, ಕೆಲವಕ್ಕೆ ಸಪೂರ ಸೊಂಡಿಲು. ಹವಾಮಾನ ಬದಲಾಗಿ ತಿನ್ನುವ ಕೀಟಗಳೆಲ್ಲ ಕಿರಿದಾದ ಬಿಲಗಳ ಆಳಕ್ಕಿಳಿದವು. ಸಪೂರ ಸೊಂಡಿಲಿನವು ತಿಂದು ಬದುಕಿ ಹೆಚ್ಚು ಮರಿ ಹಾಕಿದವು. ತಲೆಮಾರುಗಳು ಉರುಳಿದಂತೆ ಅವೇ ಹೆಚ್ಚಾದವು. ಇಷ್ಟೇ ಕಥೆ. ನಿಸರ್ಗದ ಆಯ್ಕೆಯ ತಿರುಳನ್ನು ಮಕ್ಕಳು ಹಿಡಿದರು, ಮೂರು ತಿಂಗಳ ನಂತರವೂ ನೆನಪಿಟ್ಟುಕೊಂಡಿದ್ದರು, ಬೇರೆ ಪ್ರಾಣಿಗೂ ಅನ್ವಯಿಸಿದರು.

ಅದೇ ವರ್ಷ ಪೆಟ್ರೀಶಿಯಾ ಗಾನಿಯಾ ತಂಡದ ಇನ್ನೊಂದು ಅಧ್ಯಯನ ಎಚ್ಚರಿಕೆಯ ಮಾತು ಹೇಳಿತು. ನಿಜವಾದ ಪ್ರಾಣಿಗಳನ್ನೇ, ಮಾತಾಡುವ, ಮನುಷ್ಯರಂತೆ ಯೋಚಿಸುವ ಪಾತ್ರಗಳನ್ನಾಗಿ ಬರೆದ ಪುಸ್ತಕಗಳನ್ನು ಕೇಳಿದ ಮಕ್ಕಳು, ಆ ಪ್ರಾಣಿಗಳಿಗೆ ನಿಜವಾಗಿಯೂ ಮನುಷ್ಯರ ಗುಣಗಳಿವೆ ಎಂದು ಹೆಚ್ಚಾಗಿ ಹೇಳಿದರು.

ಎರಡನ್ನೂ ಜೋಡಿಸಿ ನೋಡಿದರೆ ಕಾರಣ ಹೊಳೆಯುತ್ತದೆ. ಮೊದಲ ಕಥೆಯಲ್ಲಿ ಪ್ರಾಣಿ ಕಲ್ಪಿತ, ಕಾರಣಗಳ ಸರಪಣಿ ನಿಜ. ಎರಡನೆಯದರಲ್ಲಿ ಪ್ರಾಣಿ ನಿಜ, ಕಾರಣ ಕಲ್ಪಿತ. ಮಗು ಕಥೆಯಿಂದ ಎತ್ತಿಕೊಳ್ಳುವುದು ಮುಖ್ಯವಾಗಿ ‘ಯಾಕೆ’ ಎಂಬುದರ ಉತ್ತರವನ್ನು. ಪಾತ್ರ ಮೊಲವಾದರೂ ರೋಬಾಟ್ ಆದರೂ ನಷ್ಟವಿಲ್ಲ, ‘ಯಾಕೆ’ಗೆ ಸುಳ್ಳು ಉತ್ತರ ಸೇರಿದರೆ ಮಾತ್ರ ಕಷ್ಟ.

ಬೆಳದಿಂಗಳ ರಾತ್ರಿ ಮೋಡ ಸರಿಯುವಾಗ ಚಂದ್ರನೇ ಓಡಿದಂತೆ ಕಾಣುವುದನ್ನು ನಮ್ಮ ಮಕ್ಕಳೆಲ್ಲ ನೋಡಿರುತ್ತಾರೆ. ಚಂದ್ರ ಹೆದರಿ ಓಡುತ್ತಿದ್ದಾನೆ ಎಂದು ಹಾಡಿದರೆ ತಪ್ಪೇನಿಲ್ಲ, ಅದು ಆಟ. ಹಾಡಿದ ಮೇಲೆ ಮಗುವನ್ನು ಒಂದು ತೆಂಗಿನ ಮರದ ಕೆಳಗೆ ನಿಲ್ಲಿಸಿ, ಚಂದ್ರನನ್ನು ಒಂದು ಗರಿಯ ತುದಿಗೆ ಹೊಂದಿಸಿ ನೋಡಲು ಹೇಳಬೇಕು. ಗರಿಯ ಪಕ್ಕದಲ್ಲಿ ಚಂದ್ರ ಅಲುಗುವುದಿಲ್ಲ, ಮೋಡ ಮಾತ್ರ ಹೋಗುತ್ತದೆ. ಓಡುತ್ತಿರುವುದು ಯಾರು ಎಂಬ ಪ್ರಶ್ನೆ ಮಗುವಿನ ಬಾಯಿಂದಲೇ ಬರುತ್ತದೆ. ಹಾಡು ಪ್ರಶ್ನೆಯ ತನಕ ಕರೆತಂದಿತು, ಉತ್ತರ ಕಣ್ಣಿಗೆ ಸಿಕ್ಕಿತು. ಹಾಡೇ ಉತ್ತರವಾಗಿ ನಿಂತಿದ್ದರೆ ಈ ಹೆಜ್ಜೆ ತಪ್ಪಿಹೋಗುತ್ತಿತ್ತು.

ಆಟಕ್ಕೂ ಒಂದು ಕೈ ಬೇಕು

‘ಆಟದ ಮೂಲಕ ಕಲಿಕೆ’ ಎಂದಾಗ ಎರಡು ತಪ್ಪು ಅರ್ಥಗಳು ಚಾಲ್ತಿಯಲ್ಲಿವೆ. ಮಕ್ಕಳನ್ನು ಸುಮ್ಮನೆ ಬಿಟ್ಟರೆ ಸಾಕು ಎಂಬುದು ಒಂದು, ಗೊಂಬೆ ತೋರಿಸಿ ಪಾಠ ಒಪ್ಪಿಸುವುದೇ ಆಟ ಎಂಬುದು ಇನ್ನೊಂದು. ಎರಡನೆಯದರ ಅಪಾಯವನ್ನು ಎಲಿಜಬೆತ್ ಬೊನಾವಿಟ್ಜ್ ಮತ್ತಿತರರು 2011ರಲ್ಲಿ ಸುಂದರವಾಗಿ ತೋರಿಸಿದರು. ನಾಲ್ಕು ಗುಟ್ಟುಗಳಿರುವ ಒಂದು ಆಟಿಕೆ: ಒಂದು ಕೊಳವೆ ಎಳೆದರೆ ಕೀಚ್ ಎನ್ನುತ್ತದೆ, ಇನ್ನೊಂದು ಕಡೆ ಬೆಳಕು, ಮತ್ತೊಂದು ಕಡೆ ಸಂಗೀತ, ಒಳಗೆಲ್ಲೋ ಕನ್ನಡಿ. ಕೆಲವು ಮಕ್ಕಳಿಗೆ ‘ನೋಡಿ, ಇದು ಹೀಗೆ ಕೆಲಸ ಮಾಡುತ್ತದೆ’ ಎಂದು ಕೀಚ್ ಸದ್ದನ್ನು ಕಲಿಸಲಾಯಿತು. ಉಳಿದವರಿಗೆ ಹಾಗೆ ಕಲಿಸಲಿಲ್ಲ. ಕಲಿತ ಮಕ್ಕಳು ಕೀಚ್ ಎನ್ನಿಸುತ್ತಲೇ ಉಳಿದರು, ಮಿಕ್ಕ ಗುಟ್ಟುಗಳನ್ನು ಹುಡುಕಿದ್ದು ಕಡಿಮೆ. ದೊಡ್ಡವರು ತೋರಿಸಿದ್ದು ಒಂದೇ ಎಂದಮೇಲೆ ಇರುವುದೂ ಒಂದೇ ಇರಬೇಕು ಎಂದು ಮಗು ಲೆಕ್ಕ ಹಾಕಿತು.

ಹಾಗೆಂದು ಸುಮ್ಮನೆ ಬಿಟ್ಟರೆ ಚಂದ್ರನ ಆಕಾರ ದಿನದಿನಕ್ಕೆ ಬದಲಾಗುವ ಬಗೆಯನ್ನು ಮಗು ತಾನಾಗಿ ಕಂಡುಹಿಡಿಯುವುದಿಲ್ಲ. ಅದಕ್ಕೆ ದೊಡ್ಡವರೊಬ್ಬರು ಸನ್ನಿವೇಶವನ್ನು ಹೊಂದಿಸಿಡಬೇಕು, ಸರಿಯಾದ ಹೊತ್ತಿಗೆ ಒಂದು ಪ್ರಶ್ನೆ ಕೇಳಬೇಕು, ಬಳಿಕ ಸುಮ್ಮನಿರಬೇಕು. ಕತ್ತಲೆ ಕೋಣೆಯಲ್ಲಿ ಒಂದು ಬಲ್ಬು, ಕಡ್ಡಿಗೆ ಚುಚ್ಚಿದ ಬಿಳಿ ಚೆಂಡು. ಮಗು ಚೆಂಡನ್ನು ತಲೆಗಿಂತ ತುಸು ಮೇಲೆ ಹಿಡಿದು ನಿಂತಲ್ಲೇ ತಿರುಗಿದರೆ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗಿನ ಆಕಾರಗಳೆಲ್ಲ ಚೆಂಡಿನ ಮೇಲೆ ಕಾಣುತ್ತವೆ. ಇಲ್ಲಿ ಮಗುವಿನ ತಲೆಯೇ ಭೂಮಿ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಶಮಿನ್ ಪಡಲ್ಕರ್ ಮತ್ತು ಜಯಶ್ರೀ ರಾಮದಾಸ್ ಮಹಾರಾಷ್ಟ್ರದ ಶಾಲಾಮಕ್ಕಳೊಂದಿಗೆ ಮಾಡಿದ ಕೆಲಸದ ಸಾರವೂ ಇದೇ: ಖಗೋಳದ ಕಲಿಕೆಯಲ್ಲಿ ಕೈಸನ್ನೆ, ಮೈ ತಿರುಗಿಸುವುದು, ನಿಂತು ನಟಿಸುವುದು ಅಲಂಕಾರಕ್ಕಲ್ಲ, ಮಗು ಜಾಗ ಮತ್ತು ದಿಕ್ಕುಗಳ ಬಗ್ಗೆ ಯೋಚಿಸುವುದೇ ಅವುಗಳ ಮೂಲಕ.

ತೇಲಿದ ಹಂಸ, ಮೊಳೆತ ಕಾಳು

2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ಗಗನನೌಕೆಯಲ್ಲಿ ‘ಜಾಯ್’ ಎಂಬ ಮೆತ್ತನೆಯ ಗೊಂಬೆ ಹಂಸವೊಂದಿತ್ತು. ನೌಕೆ ಕಕ್ಷೆ ಸೇರಿದ ಮೇಲೆ ಹಂಸ ತೇಲತೊಡಗಿತು, ತೂಕವಿಲ್ಲದ ಸ್ಥಿತಿ ಬಂತೆಂದು ತಿಳಿಯಿತು. ಇಂಥ ಗೊಂಬೆ ಒಯ್ಯುವ ರೂಢಿ ಗಗಾರಿನ್ ಕಾಲದಿಂದ ಬಂದದ್ದು. ಮಕ್ಕಳಿಗೆ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಪಾತ್ರ ಸಿಗಲಾರದು.

ಆದರೆ ಹಂಸ ಯಾಕೆ ತೇಲಿತು? ‘ಅಲ್ಲಿ ಗುರುತ್ವಾಕರ್ಷಣೆ ಇಲ್ಲ’ ಎಂಬ ಉತ್ತರ ಟಿ.ವಿ.ಯಲ್ಲೂ ತರಗತಿಯಲ್ಲೂ ಸಲೀಸಾಗಿ ಬರುತ್ತದೆ. ಅದು ಸರಿಯಲ್ಲ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಸುಮಾರು ಶೇ 90ರಷ್ಟಿದೆ. ಸೆಳೆತವೇ ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತುತ್ತಲೇ ಇರಲಿಲ್ಲ, ನೇರ ಹೊರಟುಹೋಗುತ್ತಿತ್ತು. ನಿಲ್ದಾಣ, ಅದರೊಳಗಿನ ಜನ, ಹಂಸ ಎಲ್ಲವೂ ಒಟ್ಟಿಗೆ ಭೂಮಿಯತ್ತ ಬೀಳುತ್ತಲೇ ಇರುತ್ತವೆ. ಪಕ್ಕಕ್ಕೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತಿರುವುದರಿಂದ ನೆಲಕ್ಕೆ ತಾಗುವುದಿಲ್ಲ. ಜೊತೆಯಾಗಿ ಬೀಳುವವರಿಗೆ ಒಬ್ಬರ ಭಾರ ಇನ್ನೊಬ್ಬರಿಗೆ ತಿಳಿಯದು.

ಇದನ್ನು ಐದು ವರ್ಷದ ಮಗುವಿಗೆ ಮಾತಿನಲ್ಲಿ ಹೇಳಲಾಗದು, ಆಟದಲ್ಲಿ ಹೇಳಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಬಳಿ ಒಂದು ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿದರೆ ನೀರು ಚಿಮ್ಮುತ್ತದೆ. ಎತ್ತರದಿಂದ ಬಾಟಲಿಯನ್ನು ಕೈಬಿಟ್ಟರೆ ಬೀಳುವಷ್ಟು ಹೊತ್ತು ಚಿಮ್ಮುವುದು ನಿಲ್ಲುತ್ತದೆ. ಮಕ್ಕಳು ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ, ಮೈ ಒದ್ದೆ ಮಾಡಿಕೊಳ್ಳುತ್ತಾರೆ. ಬೀಳುವಾಗ ಏನೋ ಬದಲಾಗುತ್ತದೆ ಎಂಬುದು ಅವರಿಗೆ ದಕ್ಕಿದರೆ ಸಾಕು. ಸಮೀಕರಣ ಹತ್ತು ವರ್ಷ ಬಿಟ್ಟು ಬರಲಿ, ಆಗ ಅಳಿಸಿಹಾಕಬೇಕಾದ ಸುಳ್ಳು ತಲೆಯಲ್ಲಿ ಇರುವುದಿಲ್ಲ.

ಅದೇ ಯಾನದಲ್ಲಿ ಕನ್ನಡದ ಮಕ್ಕಳಿಗೆ ಇನ್ನೂ ಹತ್ತಿರದ ಪ್ರಯೋಗವಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಸೇರಿ ರೂಪಿಸಿದ ಪ್ರಯೋಗಕ್ಕಾಗಿ ಶುಕ್ಲಾ ಹೆಸರುಕಾಳು ಮತ್ತು ಮೆಂತ್ಯವನ್ನು ನಿಲ್ದಾಣದಲ್ಲಿ ಮೊಳಕೆ ಬರಿಸಿದರು. ಹೆಸರುಕಾಳು ಇಲ್ಲದ ಅಂಗನವಾಡಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಗಾಜಿನ ಲೋಟದ ಒಳಬದಿಗೆ ಒದ್ದೆ ಬಟ್ಟೆ ಸುತ್ತಿ, ಬಟ್ಟೆ ಮತ್ತು ಗಾಜಿನ ನಡುವೆ ನಾಲ್ಕು ಕಾಳು ಇಟ್ಟರೆ ಬೇರು ಕೆಳಕ್ಕೆ, ಚಿಗುರು ಮೇಲಕ್ಕೆ ಹೋಗುವುದು ಹೊರಗಿನಿಂದಲೇ ಕಾಣುತ್ತದೆ. ಬೇರು ಒಂದು ಬೆರಳಿನಷ್ಟು ಬಂದ ಮೇಲೆ ಲೋಟವನ್ನು ಅಡ್ಡ ಮಲಗಿಸಬೇಕು. ಒಂದೆರಡು ದಿನದಲ್ಲಿ ಬೇರು ಬಾಗಿ ಮತ್ತೆ ನೆಲದ ಕಡೆಗೇ ಹೊರಳುತ್ತದೆ. ಕಾಳಿಗೆ ಕಣ್ಣಿಲ್ಲ, ಕೆಳಗೆ ಯಾವ ಕಡೆ ಎಂದು ಹೇಗೆ ಗೊತ್ತಾಯಿತು? ಶುಭಾಂಶು ಅಂಕಲ್ ಇದ್ದಲ್ಲಿ ಮೇಲೂ ಕೆಳಗೂ ಇಲ್ಲದಿದ್ದರೆ ಬೇರು ಯಾವ ಕಡೆ ಹೋಗಬೇಕು? ಇದು ವಿಜ್ಞಾನಿಗಳೂ ಕೇಳುತ್ತಿರುವ ಪ್ರಶ್ನೆಯೇ. ನಾಲ್ಕು ವರ್ಷದ ಮಗು ಮತ್ತು ವಿಶ್ವವಿದ್ಯಾಲಯ ಒಂದೇ ಕಾಳಿನ ಬಗ್ಗೆ ಒಂದೇ ಪ್ರಶ್ನೆ ಕೇಳುವ ಅವಕಾಶ ಅಪರೂಪದ್ದು. ಇಂಥದ್ದನ್ನು ಒಂದು ಸಚಿತ್ರ ಕಾರ್ಡಾಗಿ ಮಾಡಿ ಪ್ರತಿ ಅಂಗನವಾಡಿಗೂ ತಲುಪಿಸಿದರೆ ಎಷ್ಟು ಚೆಂದ.

ನೆರಳಿನ ಆಟವೂ ನಮ್ಮ ನೆಲಕ್ಕೆ ಹೇಳಿಮಾಡಿಸಿದ್ದು. ಕರ್ನಾಟಕ ಇಡಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ರಾಜ್ಯದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬಂದು, ನೇರ ನಿಂತ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಬೆಂಗಳೂರಿಗೆ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಬೀದರಿಗೆ ಮೊದಲ ಸರದಿ ಬರುವುದು ಮೇ ನಡುಭಾಗದ ಹೊತ್ತಿಗೆ. ತೊಡಕೆಂದರೆ, ಏಪ್ರಿಲ್-ಮೇಯಲ್ಲಿ ಆಕಾಶ ತಿಳಿಯಾಗಿದ್ದರೂ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಶಾಲೆ ಇದ್ದರೂ ಮೋಡ. ಆ ಒಂದು ದಿನಕ್ಕೆ ಕಾಯಬೇಕಿಲ್ಲ. ಅಂಗಳದಲ್ಲಿ ಕೋಲು ನೆಟ್ಟು ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲಿಡುವ ಆಟ ಯಾವ ಬಿಸಿಲಿಗೂ ಒಗ್ಗುತ್ತದೆ.

ಹಾಗಿದ್ದರೆ ಪುರಾಣ ಬೇಡವೇ?

ಬೇಕು. ಹನುಮಂತ ಸೂರ್ಯನನ್ನು ಹಣ್ಣೆಂದು ಭಾವಿಸಿ ಹಾರಿದ ಕಥೆ, ಚಂದ್ರನಲ್ಲಿರುವ ಮೊಲದ ಕಥೆ ಕೇಳದೆ ಬೆಳೆದ ಮಗುವಿಗೆ ಏನೋ ಕಳೆದುಹೋಗಿರುತ್ತದೆ. ಮೂರ್ನಾಲ್ಕು ವರ್ಷದ ಮಕ್ಕಳೂ ‘ಇದು ಆಟಕ್ಕೆ’ ‘ಇದು ನಿಜಕ್ಕೆ’ ಎಂಬ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ಮಣ್ಣಿನ ಲಡ್ಡು ಮಾಡಿ ತಿಂದಂತೆ ನಟಿಸುವ ಮಗು ಅದನ್ನು ನುಂಗುವುದಿಲ್ಲ. ಆ ಗೆರೆಯನ್ನು ಅಳಿಸುವವರು ದೊಡ್ಡವರು, ಅದರಲ್ಲೂ ಮಗು ನಂಬುವ ಜಾಗದಲ್ಲಿ, ನಂಬುವ ಧ್ವನಿಯಲ್ಲಿ ಹೇಳುವವರು. ಅಜ್ಜಿಯ ಮಡಿಲಲ್ಲಿ ಕಥೆಯಾಗಿದ್ದ ಮಾತು ಶಾಲೆಯ ವೇದಿಕೆಯಲ್ಲಿ ‘ಮೊದಲ ಗಗನಯಾತ್ರಿ ಯಾರು’ ಎಂಬ ಪ್ರಶ್ನೆಗೆ ಉತ್ತರವಾಗಿ ಬಂದಾಗ ಅದರ ಸ್ಥಾನ ಬದಲಾಗುತ್ತದೆ. ಊನಾದ ಆ ಮಾತಿನ ತೊಂದರೆ ಇದೇ.

ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಸಂವಿಧಾನದ 51ಎ(ಎಚ್) ವಿಧಿಯ ಪ್ರಕಾರ ನಾಗರಿಕರ ಕರ್ತವ್ಯ. ಇದನ್ನು ಮುಂದಿಟ್ಟು ಪುಟ್ಟ ಮಕ್ಕಳ ಕೋಣೆಯಿಂದ ಪುರಾಣವನ್ನೇ ಹೊರಗಟ್ಟಬೇಕು ಎನ್ನುವವರ ಕಳಕಳಿ ಅರ್ಥವಾಗುತ್ತದೆ, ಆದರೆ ಆ ಮದ್ದು ಫಲಿಸದು. ಮನೆಯಲ್ಲಿ ಕೇಳಿದ ಕಥೆಗೆ ಶಾಲೆಯಲ್ಲಿ ಬಾಯಿ ಮುಚ್ಚಿಸಿದರೆ ಅದು ಹೋಗುವುದಿಲ್ಲ. ಹೈದರಾಬಾದಿನ ಮಕ್ಕಳಲ್ಲಿ ಕಂಡಂತೆ ಒಳಗೇ ಕುಳಿತು ಶಾಲೆಯ ಪಾಠದೊಂದಿಗೆ ಬೆರೆಯುತ್ತದೆ. ಎದುರಿಗಿಟ್ಟುಕೊಂಡು ‘ಕಥೆಯಲ್ಲಿ ಹೀಗಿದೆ, ನಾವೇ ನೋಡೋಣ ಬನ್ನಿ’ ಎನ್ನುವುದೇ ಮೇಲು.

ಪರಂಪರೆಯಲ್ಲೇ ಇದಕ್ಕೆ ಮಾದರಿ ಇದೆ. ರಾಹು ಚಂದ್ರನನ್ನು ನುಂಗುವ ಕಥೆ ಜನಜನಿತವಾಗಿದ್ದ ನಾಡಿನಲ್ಲಿ ಕುಳಿತು ಆರ್ಯಭಟ 499ರಲ್ಲಿ ಬರೆದದ್ದು, ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣ ಎಂದು. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮೇಲಿನ ಸ್ಥಿರ ವಸ್ತುಗಳು ಹಿಂದಕ್ಕೆ ಹೋದಂತೆ ಕಾಣುವ ಹಾಗೆ, ಸ್ಥಿರ ನಕ್ಷತ್ರಗಳು ಪಶ್ಚಿಮಕ್ಕೆ ಸಾಗಿದಂತೆ ಕಾಣುತ್ತವೆ ಎಂದೂ ಬರೆದ. ಹೆಮ್ಮೆ ಪಡಲು ಇಷ್ಟು ಸಾಲದೇ? ಬೆಂಗಳೂರಿನ ಪೀಣ್ಯದಲ್ಲಿ ಉಡುಪಿ ಮೂಲದ ಯು.ಆರ್. ರಾವ್ ನೇತೃತ್ವದಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಹಾರಿಸಿದ ದೇಶದ ಮೊದಲ ಉಪಗ್ರಹಕ್ಕೆ ಆರ್ಯಭಟನ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಕಥೆಯೇ ಉತ್ತರವಾಗಿ ಉಳಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ತಿಪ್ಪೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಆ ತಂದೆ-ತಾಯಿ ಕೆಟ್ಟವರಲ್ಲ, ಮಗುವಿಗೆ ಒಳ್ಳೆಯದಾಗಲಿ ಎಂದು ಹಂಬಲಿಸಿದವರು. ಗ್ರಹಣವೆಂದರೆ ನೆರಳು ಎಂಬುದು ಅವರ ಬಾಲ್ಯದ ಆಟದಲ್ಲಿ ಎಂದೂ ಬಂದಿರಲಿಕ್ಕಿಲ್ಲ.

ಕಥೆ ಹೇಳುವವರ ಪಾಡು

ಇಷ್ಟೆಲ್ಲ ಮಾಡಬೇಕಾದವರು ಯಾರು? ರಾಜ್ಯದ ಸುಮಾರು 70 ಸಾವಿರ ಅಂಗನವಾಡಿಗಳ ಕಾರ್ಯಕರ್ತೆಯರು ಮತ್ತು ಸರ್ಕಾರಿ ಶಾಲೆಗಳ ನಲಿ-ಕಲಿ ಶಿಕ್ಷಕಿಯರು. ಕಾರ್ಯಕರ್ತೆ ಆಹಾರ ಹಂಚಬೇಕು, ಮಕ್ಕಳ ತೂಕ ಅಳೆಯಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬಬೇಕು, ಗರ್ಭಿಣಿ-ಬಾಣಂತಿಯರ ಲೆಕ್ಕ ಇಡಬೇಕು, ಸಮೀಕ್ಷೆಗೆ ಓಡಬೇಕು. ಆಮೇಲೆ ಕಥೆ. ಶಿಕ್ಷಕಿಯ ಮುಂದೆ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ.

ಅಳತೆಗೋಲಿನ ಪ್ರಶ್ನೆಯೂ ಇದೆ. 2021ರಲ್ಲಿ ಆರಂಭವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆ ಓದು ಮತ್ತು ಲೆಕ್ಕದ ಬುನಾದಿಯನ್ನು 2026-27ರೊಳಗೆ ಗಟ್ಟಿ ಮಾಡುವ ಗುರಿ ಇಟ್ಟುಕೊಂಡಿತು. ಗುರಿ ಸರಿಯಾದದ್ದೇ. ಓದಲು ಬಾರದ ಮಗು ಮುಂದೆ ವಿಜ್ಞಾನವನ್ನೂ ಓದಲಾರದು. ಆದರೆ ಅಕ್ಷರ, ಅಂಕಿ ಅಳತೆಗೆ ಸಿಗುತ್ತವೆ, ಕುತೂಹಲ ಸಿಗುವುದಿಲ್ಲ. ಅಳೆಯುವುದಕ್ಕೇ ಸಮಯ ಹೋಗುತ್ತದೆ, ಅಳೆಯದ್ದು ನಿಧಾನವಾಗಿ ಬಿಟ್ಟುಹೋಗುತ್ತದೆ. ಕಥೆ ಉಳಿದರೂ ‘ಕ’ ಅಕ್ಷರ ಎಲ್ಲೆಲ್ಲಿದೆ ಹುಡುಕಿ ಎನ್ನುವುದಕ್ಕೆ ಉಳಿಯುತ್ತದೆ. ಇತ್ತ ಪೋಷಕರಿಗೆ ಖಾಸಗಿ ಎಲ್‌ಕೆಜಿಯ ವರ್ಕ್‌ಶೀಟು ಕಣ್ಣಿಗೆ ಕಾಣುವ ಕಲಿಕೆ. ಮಗು ಇಂಗ್ಲಿಷಿನಲ್ಲಿ ಎಂಟು ಗ್ರಹಗಳ ಹೆಸರನ್ನು ಪಟಪಟ ಹೇಳಿದರೆ ಮನೆಮಂದಿಗೆ ಸಂತೋಷ. ಸಂಜೆ ನೆರಳು ಯಾಕೆ ಉದ್ದವಾಯಿತು ಎಂದು ಅದೇ ಮಗುವನ್ನು ಕೇಳುವವರು ಕಡಿಮೆ. ಊನಾದ ಮಕ್ಕಳ ಒಕ್ಕೊರಲಿನ ತಪ್ಪು ಉತ್ತರ ಇಂಥ ಕಲಿಕೆಯ ಫಲ.

ಮುಂದೆ ನಿರ್ಧಾರವಾಗಬೇಕಾದದ್ದು

ಕರ್ನಾಟಕದಲ್ಲಿ ಈಗ ಶಾಲಾಪೂರ್ವ ಶಿಕ್ಷಣದ ರೂಪವೇ ಬದಲಾಗುವ ಹಂತದಲ್ಲಿದೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ-ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ವರ್ಷದ ಜುಲೈನಲ್ಲಿ ಆಯ್ದ ಅಂಗನವಾಡಿಗಳಲ್ಲಿ ‘ಸರ್ಕಾರಿ ಮಾಂಟೆಸ್ಸರಿ’ ಶುರುವಾಯಿತು. 2025ರ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಆಯೋಗ ಸಲ್ಲಿಸಿದ ರಾಜ್ಯ ಶಿಕ್ಷಣ ನೀತಿಯ ವರದಿ, ಎರಡು ವರ್ಷದ ಪೂರ್ವ ಪ್ರಾಥಮಿಕ ಹಂತವನ್ನು ಒಳಗೊಂಡ 2+8+4 ರಚನೆಯನ್ನೂ, ಕನಿಷ್ಠ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಕೆಯನ್ನೂ ಶಿಫಾರಸು ಮಾಡಿದೆ.

ಚರ್ಚೆ ಬಹುತೇಕ ನಡೆದಿರುವುದು ಆ ಎರಡು ವರ್ಷ ಯಾರ ಇಲಾಖೆಗೆ ಸೇರಬೇಕು, ಯಾವ ಭಾಷೆಯಲ್ಲಿರಬೇಕು ಎಂಬುದರ ಸುತ್ತ. ಅಲ್ಲಿ ದಿನವಿಡೀ ಏನು ನಡೆಯಬೇಕು ಎಂಬುದರ ಬಗ್ಗೆ ಮಾತು ಕಡಿಮೆ. ಭಾಷೆಯ ಪ್ರಶ್ನೆ ವಿಜ್ಞಾನಕ್ಕೂ ನೇರ ತಾಗುತ್ತದೆ: ‘ಯಾಕೆ’ ಎಂದು ಮಗು ಕೇಳುವುದು ತನಗೆ ಬರುವ ಮಾತಿನಲ್ಲೇ. ಗೊತ್ತಿಲ್ಲದ ಭಾಷೆಯ ತರಗತಿಯಲ್ಲಿ ಅದು ಒಪ್ಪಿಸುತ್ತದೆ, ಕೇಳುವುದಿಲ್ಲ. ಪೂರ್ವ ಪ್ರಾಥಮಿಕವೆಂದರೆ ಒಂದನೇ ತರಗತಿಯ ಪಾಠವನ್ನೇ ಎರಡು ವರ್ಷ ಮುಂಚೆ ಶುರುಮಾಡುವುದು ಎಂದಾದರೆ, ಕಥೆ-ಆಟಕ್ಕೆಂದು ಈಗಿರುವ ಅಂಗನವಾಡಿಯ ಮಧ್ಯಾಹ್ನವೂ ಕೈತಪ್ಪುತ್ತದೆ.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ದುಬಾರಿ ಕಿಟ್ ಬೇಡ. ಬೇಕಾಗಿರುವುದು ಕಾರ್ಯಕರ್ತೆಗೆ ದಿನಕ್ಕೆ ಒಂದು ಗಂಟೆಯ ಬಿಡುವು ಮತ್ತು ವರ್ಷಕ್ಕೆ ಕೆಲವು ದಿನಗಳ ತರಬೇತಿ. ಆ ತರಬೇತಿಯಲ್ಲಿ ಆಕೆಯೇ ಕೋಲು ನೆಟ್ಟು ನೆರಳು ಅಳೆಯಬೇಕು, ಚೆಂಡು ಹಿಡಿದು ತಿರುಗಬೇಕು, ಲೋಟ ಮಲಗಿಸಿ ಬೇರು ಬಾಗುವುದನ್ನು ನೋಡಬೇಕು. ತಾನೇ ಬೆರಗಾಗದವರು ಮಗುವಿನ ಬೆರಗನ್ನು ಹಿಡಿದಿಡಲಾರರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಭಾರತ ಜ್ಞಾನ ವಿಜ್ಞಾನ ಸಮಿತಿಯಂಥ ಸಂಸ್ಥೆಗಳಿಗೆ ಊರೂರಿನಲ್ಲಿ ಇಂಥ ಕೆಲಸ ಮಾಡಿದ ಅನುಭವವಿದೆ. ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯಗಳಲ್ಲಿ ಆಕಾಶವನ್ನು ಸರಳವಾಗಿ ಹೇಳಬಲ್ಲವರಿದ್ದಾರೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತರಬೇತಿ ವೇಳಾಪಟ್ಟಿಯಲ್ಲಿ ಇವರಿಗೆ ಜಾಗ ಸಿಗುತ್ತದೆಯೇ, ಸಿಕ್ಕರೆ ಎಷ್ಟು ದಿನ, ಆ ದಿನಗಳಲ್ಲಿ ಕಾರ್ಯಕರ್ತೆಯ ಉಳಿದ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ರಾಜ್ಯ ನೀತಿ ಜಾರಿಯಾಗುವ ಮುನ್ನವೇ ಸರ್ಕಾರ ಹೇಳಬೇಕು.